ಗುಡಿಸು ಬಿಟ್ಟ ಅರ್ಜಿಗಳು

ಅವರ ನಿಜವಾದ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಇತ್ತು. ನಗರಸಭೆಯ ಕಚೇರಿಯಲ್ಲಿ, ಬಾಗಿಲ ಕಾವಲುಗಾರನಿಂದ ಹಿಡಿದು ಮಹಡಿ ಮೇಲಿನ ಅಧ್ಯಕ್ಷರವರೆಗೆ, ಎಲ್ಲರಿಗೂ ಅವರು ಕೊಂಬಕ್ಕ. ತಲೆ ಮೇಲೆ ಕೊಂಬು ಮೂಡಿದ್ದಕ್ಕೆ ಬಂದ ಹೆಸರಲ್ಲ ಅದು. ಅಷ್ಟೊಂದು ಸೊಕ್ಕು ಆ ಜೀವಕ್ಕೆ ಎಲ್ಲಿಂದ ಬರಬೇಕು! ಯಾರದೋ ಅರ್ಜಿಯಲ್ಲಿ ಯಾವುದೋ ಅಕ್ಷರಕ್ಕೆ ಕೊಂಬು ಬಿಟ್ಟುಹೋಗಿದ್ದರೆ ಅವರಿಗೆ ಅವತ್ತು ಊಟ ಸೇರುತ್ತಿರಲಿಲ್ಲ. ಕೆಂಪು ಪೆನ್ಸಿಲ್ ತೆಗೆದು, ಕೊಂಬು ಹಾಕಿ, ಆಮೇಲೆ ಉಸಿರು ಬಿಡುವರು.

ಅವರ ಕೆಲಸ ಟಪಾಲು. ಕೆಳಮಹಡಿಯಲ್ಲಿ ಮೆಟ್ಟಿಲ ಪಕ್ಕ ಒಂದು ಕಿಟಕಿ, ಕಿಟಕಿಯ ಹಿಂದೆ ಒಂದು ಮೇಜು, ಮೇಜಿನ ಮೇಲೆ ತಾರೀಖಿನ ಮೊಹರು, ಶಾಯಿ ಒಣಗಿದ ಪ್ಯಾಡು, ಮತ್ತು ಆವಕ ಪುಸ್ತಕ. ಕಚೇರಿಗೆ ಬಂದದ್ದೆಲ್ಲ ಆ ಪುಸ್ತಕದಲ್ಲಿ ಏರಬೇಕು: ಕ್ರಮಸಂಖ್ಯೆ, ಕಳಿಸಿದವರು, ವಿಷಯ, ಕೊನೆಗೆ ಬೆರಳಗಲದ ಒಂದು ಅಂಕಣ, ಷರಾ. ಬಂದ ಕಾಗದದಲ್ಲಿ ಏನಾದರೂ ಕೊರತೆ ಇದ್ದರೆ ಷರಾದಲ್ಲಿ ಬರೆಯುವುದು. ‘ಸಹಿ ಇಲ್ಲ.’ ‘ಎರಡನೇ ಪುಟ ಹರಿದಿದೆ.’ ಇಪ್ಪತ್ತೇಳು ವರ್ಷದಿಂದ ಕೊಂಬಕ್ಕ ಇದನ್ನೇ ಮಾಡಿಕೊಂಡು ಬಂದಿದ್ದರು. ಕುರ್ಚಿ ಬಂದರೂ ನಂಬರು, ಕ್ಯಾಲೆಂಡರ್ ಬಂದರೂ ನಂಬರು. ಒಂದೇ ಒಂದು ಸಲ, ಅಧ್ಯಕ್ಷರ ಕೋಣೆಗೆ ಚರ್ಮದ ಹೊದಿಕೆಯ ಸೋಫಾ ಬಂದಾಗ, ಹೊತ್ತು ತಂದವರು ಕಿಟಕಿಯ ಮುಂದೆಯೇ ಸೀದಾ ಮೇಲೆ ಹತ್ತಿಬಿಟ್ಟರು. “ನಂಬರ್ ಹಾಕಿಸ್ಕೊಂಡು ಹೋಗ್ರಪ್ಪಾ” ಅಂತ ಇವರು ಕೂಗಿದ್ದೇ ಬಂತು. ಆ ಸೋಫಾ ಕೊಟ್ಟವರು ಯಾರು ಅಂತ ಊರಿಗೆಲ್ಲ ಗೊತ್ತಿತ್ತು. ಕಾಗದದಲ್ಲಿ ಮಾತ್ರ ಎಲ್ಲೂ ಇರಲಿಲ್ಲ.

ಕೊಟ್ಟವರು ವ್ಯಾನ್ ಮಾಲೀಕರ ಸಂಘದವರು. ಕಳೆದ ಚುನಾವಣೆಯಲ್ಲಿ ಊರಿನ ಪ್ರತಿಯೊಂದು ವ್ಯಾನಿನ ಹಿಂಬದಿಗೂ ಅಧ್ಯಕ್ಷರ ಮುಖ ಅಂಟಿತ್ತು. ಜನರನ್ನು ಮತಗಟ್ಟೆಗೆ ಹೊತ್ತದ್ದು, ಧ್ವನಿವರ್ಧಕ ಕಟ್ಟಿಕೊಂಡು ಓಣಿ ಓಣಿ ಸುತ್ತಿದ್ದು, ಎಲ್ಲಾ ಅವೇ ವ್ಯಾನುಗಳು. ಪುಕ್ಕಟೆ ಸವಾರಿ ಅಂತ ಜನ ಹತ್ತಿದರು. ಗೆದ್ದು ಎರಡು ವರ್ಷ ಆದಮೇಲೆ ಆ ಸವಾರಿಯ ಚಾರ್ಜು ಕೇಳುವ ಕಾಲ ಬಂತು.

ಕೇಳಿದ್ದು ಏಳನೇ ನಂಬರ್ ಬಸ್ಸನ್ನು. ಮಿಲ್ಲಿನ ಹಿಂದಿನ ಓಣಿಯಿಂದ ಹೊರಟು, ಶಾಲೆಗಳ ಮುಂದೆ ಹಾದು, ದೊಡ್ಡಾಸ್ಪತ್ರೆಗೆ ಹೋಗುವ ನಗರಸಭೆಯ ಬಸ್ಸು ಅದು. ಅದೇ ದಾರಿಯಲ್ಲಿ ವ್ಯಾನುಗಳೂ ಓಡುತ್ತಿದ್ದವು, ಮೂರು ಪಟ್ಟು ದುಡ್ಡಿಗೆ. ಬಸ್ಸು ನಿಂತರೆ ಆ ದಾರಿ ಪೂರ್ತಿ ಅವರದೇ. ಒಂದು ಸೋಮವಾರ ಸೂಚನಾ ಫಲಕದಲ್ಲಿ ಹಾಳೆ ಅಂಟಿತು: ಜನರಿಗೆ ಬೇಡವಾದ ಏಳನೇ ಮಾರ್ಗವನ್ನು ರದ್ದು ಮಾಡುವ ಪ್ರಸ್ತಾವ ಇದೆ, ಸಾರ್ವಜನಿಕರು ಹದಿನೈದು ದಿನದೊಳಗೆ ಲಿಖಿತ ಅಭಿಪ್ರಾಯ ಕೊಡತಕ್ಕದ್ದು.

ಕೊಂಬಕ್ಕ ಆ ಹಾಳೆಯನ್ನು ಎರಡೆರಡು ಸಲ ಓದಿದರು. ಏಳನೇ ನಂಬರ್ ಬಸ್ಸು ಓಡಿಸುತ್ತಿದ್ದವಳು ಅವರ ಸೊಸೆ.

ಸೊಸೆ ಆ ಸ್ಟಿಯರಿಂಗ್ ಹಿಡಿದದ್ದು ಸುಮ್ಮನೆ ಅಲ್ಲ. ಪರೀಕ್ಷೆಯಲ್ಲಿ ಎರಡು ಸಲ ಫೇಲಾಗಿದ್ದಳು, ಎರಡು ಸಲವೂ ಹಿಂದಕ್ಕೆ ತೆಗೆಯುವಾಗಲೇ. ಮೂರನೇ ಸಲಕ್ಕೆ ಮನೆಮಂದಿಯೆಲ್ಲ ಟೊಂಕ ಕಟ್ಟಿ ನಿಂತರು. ಮಗ ಯಾರದೋ ಹಳೇ ಲಾರಿ ಬೇಡಿ ತಂದ. ಮೈದಾನದಲ್ಲಿ ಬಚ್ಚಲಮನೆಯ ಬಕೆಟ್‌ಗಳನ್ನು ಸಾಲಾಗಿ ಇಟ್ಟರು. ಕೊಂಬಕ್ಕ ಲಾರಿಯ ಹಿಂದೆ ನಿಂತು, “ಬಾ, ಬಾ, ಇನ್ನೂ ಬಾ, ಅಯ್ಯೋ ನಿಲ್ಸೇ ಮಾರಾಯ್ತಿ!” ಎಂದು ಗಂಟಲು ಹರಿದುಕೊಂಡರು. ಎರಡು ಬಕೆಟ್ ಅಪ್ಪಚ್ಚಿಯಾದವು. ಮೂರನೇ ಸಲ ಪಾಸಾಗಿ, ಖಾಕಿ ಅಂಗಿ ತೊಟ್ಟು ಬಂದವಳನ್ನು ಕೊಂಬಕ್ಕ ತಲೆಯಿಂದ ಕಾಲಿನವರೆಗೆ ನೋಡಿ, “ಕಾಲರ್ ಸರಿ ಮಾಡ್ಕೋ” ಅಂದಿದ್ದರು, ಅಷ್ಟೇ. ಆಮೇಲೆ ಒಳಗೆ ಹೋಗಿ ಕಣ್ಣೊರೆಸಿಕೊಂಡರು. ಅವಳ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಮಾರ್ಗ ರದ್ದಾದರೆ ಮೊದಲು ಮನೆಗೆ ಕಳಿಸುವುದು ಕಾಯಂ ಆಗದವರನ್ನೇ.

ಮೂರನೇ ದಿನದಿಂದ ಕಾಗದಗಳು ಬರತೊಡಗಿದವು. ಒಂದೊಂದಾಗಿ ಬರಲಿಲ್ಲ, ಕಟ್ಟುಕಟ್ಟಾಗಿ ಬಂದವು. ತಂದುಕೊಡುತ್ತಿದ್ದವನು ಸಂಘದ ಕಾರ್ಯದರ್ಶಿ. ಅವನನ್ನು ಕಚೇರಿಯವರು ಇಸ್ತ್ರಿ ಅಂತ ಕರೆಯುತ್ತಿದ್ದರು, ಅವನ ಅಂಗಿಯಲ್ಲಿ ಒಂದು ಸುಕ್ಕು ಕಂಡವರಿಲ್ಲ.

“ನಮ್ದೇನಿಲ್ಲ ಮೇಡಂ,” ಅಂದ ಇಸ್ತ್ರಿ, ಹಲ್ಲುಕಿರಿದು. “ಜನ ಬರೆದುಕೊಟ್ರು, ಪಾಪ ಅವರಿಗೆ ಇಲ್ಲೀತನಕ ಬರೋಕಾಗಲ್ಲ, ನಾವು ತಂದ್ವಿ. ಬಸ್ ಬೇಡ್ವಂತೆ.”

“ಇಲ್ಲೀತನಕ ಬರೋಕಾಗದವರಿಗೆ ಬಸ್ ಯಾಕಪ್ಪ ಬೇಡ?” ಅಂತ ಕೊಂಬಕ್ಕನ ನಾಲಿಗೆ ತುದಿಗೆ ಬಂದಿತ್ತು. ನುಂಗಿಕೊಂಡು ಮೊಹರು ಒತ್ತಿದರು. ಹತ್ತು ದಿನದಲ್ಲಿ ಬಸ್ಸು ಬೇಡ ಎನ್ನುವ ನಾನ್ನೂರ ಹನ್ನೆರಡು ಕಾಗದ ಬಂದವು. ಬೇಕು ಎನ್ನುವವು ಮೂವತ್ತೊಂದು.

ಮನೆಯಲ್ಲಿ ಸೊಸೆ ದಿನಾ ಕೇಳುವಳು. “ಅತ್ತೆ, ಇವತ್ತು ಎಷ್ಟು ಬಂತು?”

“ಆಫೀಸಿನ ವಿಷಯ ಮನೇಲಿ ಬೇಡ.”

“ನೀವು ಹೇಳ್ದೇ ಇದ್ರೂ ನಿಮ್ಮ ಮುಖ ಹೇಳುತ್ತೆ ಬಿಡಿ. ಅಲ್ಲಾ ಅತ್ತೆ, ನಾನು ಬ್ರೇಕ್ ಜೋರಾಗಿ ಹಾಕ್ತೀನಾ? ಮೊನ್ನೆ ಒಬ್ಬರು ಗೊಣಗ್ತಿದ್ರು. ನಾನು ಜನಕ್ಕೆ ಆಗ್ತಿಲ್ವೇನೋ.”

ಆಡುತ್ತಾ ಹಾಡುತ್ತಾ ಇದ್ದ ಹುಡುಗಿ ಮಾತು ಕಡಿಮೆ ಮಾಡಿದಳು. ಬಸ್ಸನ್ನು ಹಾಲು ತುಂಬಿದ ಪಾತ್ರೆ ಹೊತ್ತವಳ ಹಾಗೆ ನಿಧಾನವಾಗಿ ಓಡಿಸತೊಡಗಿದಳು. ಕೊಂಬಕ್ಕ ಬೆಳಿಗ್ಗೆ ಕಚೇರಿಗೆ ಹೋಗುತ್ತಿದ್ದದ್ದೂ ಅದೇ ಬಸ್ಸಿನಲ್ಲಿ. ಮಿಲ್ಲಿನ ಓಣಿಯ ತುದಿಯಲ್ಲಿ ಎಕ್ಸ್-ರೇ ಲಕೋಟೆ ಕಂಕುಳಲ್ಲಿ ಇಟ್ಟುಕೊಂಡ ಒಬ್ಬ ತಾತ ಕೋಲೂರಿಕೊಂಡು ಬರುತ್ತಿದ್ದರು. ಅವರು ಅಷ್ಟು ದೂರದಲ್ಲಿ ಕಂಡರೂ ಸೊಸೆ ಬಾಗಿಲು ತೆರೆದು ಕಾಯುವಳು. ಹಿಂದಿನಿಂದ ಯಾವ ವ್ಯಾನು ಎಷ್ಟೇ ಹಾರನ್ ಬಡಿಯಲಿ, ತಾತ ಕೂತ ಮೇಲೇ ಬಸ್ಸು ಹೊರಡುವುದು. ಇಂಥವಳನ್ನು ನಾನ್ನೂರು ಜನ ಬೇಡ ಅನ್ನುತ್ತಾರಾ? ಕೊಂಬಕ್ಕನಿಗೆ ಊರಿನ ಮೇಲೆಯೇ ಸಿಟ್ಟು ಬಂತು.

ಸಿಟ್ಟು ಬಂದರೂ ಪೆನ್ಸಿಲ್ ಸುಮ್ಮನಿರಬೇಕಲ್ಲ! ಕೈ ತನ್ನ ಪಾಡಿಗೆ ತಿದ್ದುತ್ತಿತ್ತು. ‘ಸಾರ್ವಜನಿಕ ಹಿತದೃಷ್ಟಿಯಿಂದ’ ಅಂತ ಬರೆಯಬೇಕಾದವರು ‘ಸಾರ್ವಜನಿಕ ಹತದೃಷ್ಟಿಯಿಂದ’ ಅಂತ ಬರೆದಿದ್ದರು. ಹಕಾರದ ನೆತ್ತಿಯ ಮೇಲೆ ಒಂದು ಗುಡಿಸು ಹಾಕಿದರೆ ಆಯಿತು. ಹಾಕಿದರು. ಮುಂದಿನದರಲ್ಲೂ ಹಾಕಿದರು. ಅದರ ಮುಂದಿನದರಲ್ಲೂ. ಪೆನ್ಸಿಲ್ ಮೊಂಡಾಯಿತು, ಚೂಪು ಮಾಡಿಕೊಂಡು ಮತ್ತೆ ಹಾಕಿದರು.

“ಥೂ ಇವರ! ಇದರಲ್ಲೂ ಗುಡಿಸು ಬಿಟ್ಟಿದ್ದಾರೆ. ಇಷ್ಟು ಜನ ಗುಡಿಸು ಬಿಟ್ರೆ ಹೆಂಗೆ?” ಎಂದು ಜೋರಾಗಿಯೇ ಗೊಣಗಿದರು.

ಬಾಗಿಲಲ್ಲಿ ಪೊರಕೆ ಹಿಡಿದು ನಿಂತಿದ್ದ ಆಯಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ಕಚೇರಿಯ ಕಸ ತೆಗೆಯುವವಳು ಅವಳು, ಇಪ್ಪತ್ತು ವರ್ಷದಿಂದ. “ಏನಂದ್ರಿ? ಯಾರು ಗುಡಿಸು ಬಿಟ್ಟಿರೋದು? ಎಂಟು ಗಂಟೆಗೇ ಬಂದು ಗುಡಿಸಿ, ಒರೆಸಿ, ನಿಮ್ಮ ಮೇಜಿನ ಕೆಳಗೂ ಬಗ್ಗಿ ಗುಡಿಸಿ ಹೋಗಿದ್ದೀನಿ. ಸೊಂಟ ಬಿದ್ದುಹೋಗಿದೆ ನಂದು!”

“ಅಯ್ಯೋ ನಿನ್ನ! ಕಸ ಗುಡಿಸೋದಲ್ಲ ಕಣೇ, ಅಕ್ಷರದ ಗುಡಿಸು.” ಕೊಂಬಕ್ಕನಿಗೆ ಎಷ್ಟೋ ದಿನದ ಮೇಲೆ ನಗು ಬಂತು. ಹಾಳೆ ತೋರಿಸಿ ವಿವರಿಸಿದರು. ಹಿ ಹೋಗಿ ಹ ಆಗಿದೆ, ಹಿತ ಹೋಗಿ ಹತ ಆಗಿದೆ, ಸಾರ್ವಜನಿಕರನ್ನು ಕೊಂದೇ ಹಾಕಿದ್ದಾರೆ. ನೋಡು, ಇದರಲ್ಲೂ, ಇದರಲ್ಲೂ.

ಆಯಮ್ಮ ಸೊಂಟದ ಮೇಲೆ ಕೈಯಿಟ್ಟು ನೋಡಿದಳು. “ಎಲ್ಲರೂ ಒಂದೇ ಕಡೆ ಬಿಟ್ಟಿದ್ದಾರಾ? ಹಂಗಾದ್ರೆ ಕಾಪಿ ಹೊಡೆದಿದ್ದಾರೆ. ನನ್ನ ಮೊಮ್ಮಕ್ಕಳಿಬ್ಬರೂ ಪರೀಕ್ಷೇಲಿ ಸಿಕ್ಕಿಬಿದ್ದದ್ದು ಹಿಂಗೇ. ಸರಿ ಉತ್ತರ ಇಬ್ಬರಿಗೂ ಬರಬಹುದು, ತಪ್ಪು ಉತ್ತರ ಇಬ್ಬರಿಗೂ ಒಂದೇ ಹೆಂಗೆ ಬರುತ್ತೆ ಅಂತ ಮೇಷ್ಟ್ರು ಕಿವಿ ಹಿಂಡಿದ್ರು.”

ಕೊಂಬಕ್ಕ ಪೆನ್ಸಿಲ್ ಕೆಳಗಿಟ್ಟರು. ಇಪ್ಪತ್ತೇಳು ವರ್ಷ ತಪ್ಪು ತಿದ್ದಿದವರಿಗೆ ತಪ್ಪನ್ನು ನೋಡುವುದು ಹೇಗೆ ಅಂತ ಪೊರಕೆ ಹಿಡಿದವಳು ಹೇಳಿಕೊಡಬೇಕಾಯಿತು! ಕಟ್ಟುಗಳನ್ನೆಲ್ಲ ಬಿಚ್ಚಿ ಹರಡಿಕೊಂಡರು. ನೀಲಿ ಶಾಯಿ, ಕಪ್ಪು ಶಾಯಿ, ಗೆರೆ ಹಾಳೆ, ಬಿಳಿ ಹಾಳೆ, ಟೈಪು ಮಾಡಿದ್ದು, ಕೈಯಲ್ಲಿ ಬರೆದದ್ದು. ವೇಷ ಬೇರೆ ಬೇರೆ, ಗುಡಿಸು ಮಾತ್ರ ಒಂದೇ ಕಡೆ ಮಾಯ. ನಾನ್ನೂರ ಹನ್ನೆರಡರಲ್ಲಿ ನಾನ್ನೂರ ಒಂಬತ್ತರಲ್ಲಿ ಹಾಗೇ ಇತ್ತು. ಉಳಿದ ಮೂರರಲ್ಲಿ ಯಾರೋ ಪುಣ್ಯಾತ್ಮರು ತಾವೇ ಸರಿ ಮಾಡಿಕೊಂಡಿದ್ದರು. ಎಲ್ಲಕ್ಕಿಂತ ಮೊದಲು ಬಂದಿದ್ದ ಕಾಗದ ಸಂಘದ್ದೇ, ಸಂಘದ ಹೆಸರು ಅಚ್ಚಾದ ಹಾಳೆಯ ಮೇಲೆ. ಅದರಲ್ಲೂ ಹತದೃಷ್ಟಿ. ಮೂಲ ಅಲ್ಲಿತ್ತು.

ಹಾಗಾದರೆ ಊರು ಬಸ್ಸು ಬೇಡ ಅಂದಿಲ್ಲ! ಕೊಂಬಕ್ಕನಿಗೆ ಎದ್ದು ಕುಣಿಯುವಷ್ಟು ಖುಷಿಯಾಯಿತು. ಖುಷಿ ಐದು ನಿಮಿಷ ಇತ್ತು. ಹೆಡ್ ಕ್ಲಾರ್ಕ್ ಹತ್ತಿರ ಓಡಿ ಹೇಳಿದರು ನೋಡಿ, ಅವರು ಕನ್ನಡಕ ಹಣೆಗೆ ಏರಿಸಿ ಬಾಗಿಲು ಮುಚ್ಚಿದರು.

“ಆ ಬಸ್ ಓಡಿಸೋದು ಯಾರು?”

“ನನ್ನ ಸೊಸೆ.”

“ಇನ್ನೇನು ಮತ್ತೆ! ಸೊಸೆ ಕೆಲಸ ಉಳಿಸೋಕೆ ಅತ್ತೆ ಕಥೆ ಕಟ್ಟಿದಳು ಅಂತಾರೆ. ಅದೂ ಸಾಲದು ಅಂತ ಐವತ್ತು ಅರ್ಜಿಗೆ ಕೆಂಪು ಪೆನ್ಸಿಲ್ ಬೇರೆ ಎಳೆದಿದ್ದೀರಿ. ಸರ್ಕಾರಿ ದಾಖಲೆ ತಿದ್ದಿದ ಹಾಗೆ ಅದು. ಸೊಸೆ ಜೊತೆ ನೀವೂ ಮನೆಗೆ ಹೋಗ್ತೀರ. ಬಾಯಿ ಮುಚ್ಕೊಂಡು ಮೊಹರು ಒತ್ತಿ, ಅಮ್ಮಾ.”

ಅವರು ಕೆಟ್ಟವರಲ್ಲ. ಹೆದರಿದವರು. ಕೊಂಬಕ್ಕನೂ ಹೆದರಿದರು, ಸುಳ್ಳೇಕೆ. ಕಿಟಕಿಯ ಹಿಂದೆ ಬಂದು ಕೂತರು. ಹೆಡ್ ಕ್ಲಾರ್ಕು ಹೇಳಿದ್ದರಲ್ಲಿ ಒಂದು ಮಾತಂತೂ ನಿಜ, ಸೊಸೆಯ ಕೆಲಸ ಉಳಿಯಲಿ ಅಂತ ಅವರಿಗೆ ಆಸೆ ಇತ್ತು. ಇಲ್ಲ ಅಂತ ಹೇಗೆ ಹೇಳುವುದು? ಹೊಟ್ಟೆ ತುಂಬಾ ಆಸೆ ಇತ್ತು.

ಬಾಯಿ ಮುಚ್ಚಿಕೊಳ್ಳಿ ಅಂದಿದ್ದರು, ಪುಸ್ತಕ ಮುಚ್ಚಿ ಅಂದಿರಲಿಲ್ಲ. ಕೊಂಬಕ್ಕ ಆವಕ ಪುಸ್ತಕ ತೆಗೆದರು. ಕೆಂಪು ಪೆನ್ಸಿಲನ್ನು ಡ್ರಾಯರಿಗೆ ಹಾಕಿ, ನೀಲಿ ಪೆನ್ನಿನಲ್ಲಿ, ಸಂಘದ ಕಾಗದದ ಎದುರಿನ ಷರಾದಲ್ಲಿ ಬರೆದರು: ‘ಹಿತ ಎಂಬಲ್ಲಿ ಗುಡಿಸು ಇಲ್ಲ.’ ಮುಂದಿನದರ ಎದುರು: ‘ಸದರಿ ತಪ್ಪು.’ ಅದರ ಮುಂದಿನದಕ್ಕೆ: ‘ಸದರಿ ತಪ್ಪು.’ ಬಂದ ಕಾಗದದ ಕೊರತೆ ಬರೆಯುವುದಕ್ಕೇ ಷರಾ ಇರುವುದು, ನಿಯಮದಲ್ಲಿದೆ. ಮೂರು ದಿನ ಬರೆದರು. ಆಮೇಲೆ ಪುಸ್ತಕ ಮುಚ್ಚುವ ಮುನ್ನ ಒಂದು ಘಳಿಗೆ ಯೋಚಿಸಿ, ಆ ಪ್ರಸ್ತಾವದ ಮೊದಲ ಪುಟದ ಮೇಲ್ಗಡೆ ಇನ್ನೂ ಎರಡು ಸಾಲು ಸೇರಿಸಿದರು.

ಸಭೆಯ ದಿನ ಬಂತು. ಮಹಡಿ ಮೇಲಿನ ಸಭಾಂಗಣದಲ್ಲಿ ಸದಸ್ಯರು ಕುದುರೆ ಲಾಳದ ಆಕಾರದ ಮೇಜಿನ ಸುತ್ತ, ನೋಡಲು ಬಂದವರು ಗೋಡೆಯ ಪಕ್ಕದ ಬೆಂಚಿನ ಮೇಲೆ. ಇಸ್ತ್ರಿ ಮೊದಲ ಬೆಂಚಿನಲ್ಲೇ ಕಾಲ ಮೇಲೆ ಕಾಲು ಹಾಕಿ ಕೂತಿದ್ದ. ಬಂದ ಪತ್ರಗಳ ಪಟ್ಟಿಯನ್ನು ಸಭೆಗೆ ಓದಿ ಹೇಳಬೇಕು. ಯಾರೂ ಓದಿಸುವುದಿಲ್ಲ, ‘ಓದಿದ್ದೆಂದು ಭಾವಿಸಲಾಗಿದೆ’ ಅಂದು ಮುಗಿಸುತ್ತಾರೆ. ಆದರೆ ಸದಸ್ಯರಲ್ಲಿ ಒಬ್ಬರು ಹಲ್ಲಿನ ಡಾಕ್ಟರಮ್ಮ ಇದ್ದರು. ಯಾವ ಪಕ್ಷಕ್ಕೂ ಸೇರದವರು, ಪ್ರತಿ ಸಭೆಯಲ್ಲೂ “ಓದಿ” ಅಂತ ಪಟ್ಟು ಹಿಡಿಯುವವರು. ಎಲ್ಲರ ಕಾಫಿ ತಣ್ಣಗಾಗುವುದು ಅವರಿಂದಲೇ ಅಂತ ಶಾಪ ಹಾಕಿಸಿಕೊಳ್ಳುತ್ತಿದ್ದವರು. ಕೊಂಬಕ್ಕ ನೆಚ್ಚಿಕೊಂಡಿದ್ದದ್ದು ಅವರ ಆ ಹಟವನ್ನೇ.

“ಓದಿದ್ದೆಂದು...” ಅಧ್ಯಕ್ಷರು ಶುರು ಮಾಡಿದರು.

“ಭಾವಿಸೋದು ಬೇಡ, ಓದಲಿ,” ಅಂದರು ಡಾಕ್ಟರಮ್ಮ.

ಹೆಡ್ ಕ್ಲಾರ್ಕು ಬೇಸರದಿಂದ ಪುಸ್ತಕ ತೆರೆದು ಓದತೊಡಗಿದರು. “ಕ್ರಮಸಂಖ್ಯೆ ಒಂದು. ವ್ಯಾನ್ ಮಾಲೀಕರ ಸಂಘ. ಬಸ್ಸು ರದ್ದು ಮಾಡುವ ಬಗ್ಗೆ. ಷರಾ...” ಅಲ್ಲಿ ಅವರು ಕನ್ನಡಕ ಸರಿಮಾಡಿಕೊಂಡರು. “ಷರಾ, ಹಿತ ಎಂಬಲ್ಲಿ ಗುಡಿಸು ಇಲ್ಲ. ಕ್ರಮಸಂಖ್ಯೆ ಎರಡು, ಒಬ್ಬ ನಾಗರಿಕರು. ಷರಾ, ಸದರಿ ತಪ್ಪು. ಕ್ರಮಸಂಖ್ಯೆ ಮೂರು, ಒಬ್ಬ ಗೃಹಿಣಿ. ಸದರಿ ತಪ್ಪು. ನಾಲ್ಕು, ಒಬ್ಬ ವಿದ್ಯಾರ್ಥಿ. ಸದರಿ ತಪ್ಪು.”

ಹತ್ತನೆಯದಕ್ಕೆ ಯಾರೋ ಕಿಸಕ್ಕೆಂದರು. ಇಪ್ಪತ್ತನೆಯದಕ್ಕೆ ಬೆಂಚಿನವರು ಹೆಡ್ ಕ್ಲಾರ್ಕಿಗಿಂತ ಮೊದಲೇ “ಸದರಿ ತಪ್ಪು!” ಅಂತ ರಾಗವಾಗಿ ಹೇಳತೊಡಗಿದರು. ಬಾಗಿಲ ಹತ್ತಿರ ಆಯಮ್ಮನ ದನಿ ಎಲ್ಲಕ್ಕಿಂತ ಮೇಲಿತ್ತು. ಇಸ್ತ್ರಿ ಕಾಲು ಕೆಳಗಿಳಿಸಿದ.

ಅಧ್ಯಕ್ಷರು ಮೇಜು ಗುದ್ದಿದರು. “ಯಾರು ಇದನ್ನ ಬರೆದಿದ್ದು? ಕರೀರಿ ಅವರನ್ನ!”

ಕೊಂಬಕ್ಕ ಸೆರಗು ಸರಿಮಾಡಿಕೊಂಡು ಮೆಟ್ಟಿಲು ಹತ್ತಿ ಬಂದರು.

“ಏನಮ್ಮಾ, ಆ ಬಸ್ಸಿನ ಡ್ರೈವರ್ ನಿಮ್ಮ ಸೊಸೆ ಅಲ್ವಾ? ಮನೆಯವರಿಗೋಸ್ಕರ ಆಫೀಸಿನ ಪುಸ್ತಕ ಹಾಳು ಮಾಡ್ತೀರಾ? ಇದನ್ಯಾಕೆ ಮುಚ್ಚಿಟ್ರಿ?”

“ಮುಚ್ಚಿಟ್ಟಿಲ್ಲ ಸಾರ್,” ಅಂದರು ಕೊಂಬಕ್ಕ. “ಮೊದಲನೇ ಪುಟದ ಮೇಲುಗಡೆ ಓದಿಸಿ.”

ಹೆಡ್ ಕ್ಲಾರ್ಕು ಹಾಳೆ ಹಿಂದಕ್ಕೆ ತಿರುವಿ ಓದಿದರು: “‘ಈ ಮಾರ್ಗದ ಚಾಲಕಿ ಟಪಾಲು ಗುಮಾಸ್ತೆಯ ಸೊಸೆ. ಬಸ್ಸು ಉಳಿದರೆ ಗುಮಾಸ್ತೆಯ ಮನೆಗೆ ಲಾಭವಿದೆ.’”

ಬೆಂಚಿನವರು ಕತ್ತು ಚಾಚಿ ಕೊಂಬಕ್ಕನನ್ನು ನೋಡಿದರು.

“ನನ್ನ ಲಾಭ ನಾನು ಬರೆದಿದ್ದೀನಿ ಸಾರ್. ಈ ಕಚೇರಿಗೆ ಬಂದದ್ದನ್ನೆಲ್ಲ ಬರೆಯೋದೇ ನನ್ನ ಕೆಲಸ. ನಿಮ್ಮ ಕೋಣೆ ಸೋಫಾ ಒಂದಕ್ಕೆ ಮಾತ್ರ ಇನ್ನೂ ನಂಬರ್ ಹಾಕಿಲ್ಲ. ಅದನ್ನ ಯಾರು ಕಳಿಸಿದ್ದು ಅಂತ ಹೇಳಿಬಿಟ್ರೆ ಇವತ್ತೇ ಏರಿಸ್ತೀನಿ.”

ಎಲ್ಲರ ಕಣ್ಣೂ ಇಸ್ತ್ರಿಯ ಕಡೆ ತಿರುಗಿತು. ಅವನು ಮೊಬೈಲಿನಲ್ಲಿ ಏನೋ ತುರ್ತಿನ ಕೆಲಸ ಇರುವವನ ಹಾಗೆ ತಲೆ ತಗ್ಗಿಸಿದ. ಅಧ್ಯಕ್ಷರು ನೀರು ಕುಡಿದರು, ಲೋಟ ಕೆಳಗಿಟ್ಟರು, ಮತ್ತೆ ಕುಡಿದರು. ಡಾಕ್ಟರಮ್ಮ, “ಪ್ರಸ್ತಾವ ಕೈಬಿಡಬೇಕು ಅಂತ ಸೂಚಿಸ್ತೀನಿ” ಅಂದರು. ಸಂಘದ ವ್ಯಾನಿನಲ್ಲೇ ಓಟು ಕೇಳಿ ಗೆದ್ದಿದ್ದವರು ಕೂಡ, ಅಷ್ಟು ಜನರ ನಗುವಿನ ಎದುರು, ಕೈ ಎತ್ತಿಬಿಟ್ಟರು. ಏಳನೇ ನಂಬರ್ ಬಸ್ಸು ಉಳಿಯಿತು.

ಕೊಂಬಕ್ಕ ಮೆಟ್ಟಿಲಿಳಿದು ಬಂದು ಕಿಟಕಿಯ ಹಿಂದೆ ಕೂತರು. ಆಯಮ್ಮ ಚಹಾ ತಂದಿಟ್ಟು, “ಕುಡೀರಿ, ಇವತ್ತು ಚೆನ್ನಾಗಿ ಗುಡಿಸಿದ್ರಿ” ಅಂದಳು. ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ಹೆಡ್ ಕ್ಲಾರ್ಕು ಮೆಮೊ ಕೊಡಲೇಬೇಕಾಯಿತು, ಕೊಟ್ಟರು: ಇನ್ನು ಮುಂದೆ ಬಂದ ಪತ್ರಗಳನ್ನು ತಿದ್ದಕೂಡದು. ಮೆಮೊದಲ್ಲೇ ಒಂದು ಕೊಂಬು ಬಿಟ್ಟುಹೋಗಿತ್ತು. ಕೊಂಬಕ್ಕ ಹಲ್ಲು ಕಚ್ಚಿ ಸಹಿ ಹಾಕಿದರು. ವಾರ ಕಳೆಯುವಷ್ಟರಲ್ಲಿ ಇಸ್ತ್ರಿ ಇನ್ಯಾವುದೋ ವಿಷಯದ ಕಾಗದ ಹಿಡಿದು ಕಿಟಕಿಗೆ ಬಂದ. “ಈ ಸಲ ಗುಡಿಸು ಇದೆ ಮೇಡಂ, ನೋಡ್ಕೊಳ್ಳಿ,” ಅಂದ, ನಾಚಿಕೆಯಿಲ್ಲದೆ. ಸಂಘದವರೇನು ಸುಮ್ಮನೆ ಕೂರುವ ಜನವೇ? ಕೊಂಬಕ್ಕ ಕನ್ನಡಕ ಒರೆಸಿಕೊಂಡು, ಮೊದಲಕ್ಷರದಿಂದ ಓದಿ, ನಂಬರ್ ಹಾಕಿದರು.

ಇರಲಿ, ಸಭೆಯ ದಿನದ ಸಂಜೆಗೆ ಬರೋಣ. ಪ್ರಸ್ತಾವ ಮುಗಿದ ಮೇಲೆ ಆ ಪತ್ರಗಳನ್ನು ಯಾರು ಬೇಕಾದರೂ ನೋಡಬಹುದು, ಅರ್ಜಿ ಕೊಟ್ಟರೆ ನಕಲೂ ಸಿಗುತ್ತದೆ. ಕೊಂಬಕ್ಕ ಅರ್ಜಿ ಬರೆದು, ತಮ್ಮ ಅರ್ಜಿಗೆ ತಾವೇ ಮೊಹರು ಒತ್ತಿ, ಒಂದು ಹಾಳೆಯ ನಕಲು ತೆಗೆಸಿಕೊಂಡು ಬಸ್ಸು ಹತ್ತಿದರು. ಕೊನೆಯ ನಿಲ್ದಾಣದಲ್ಲಿ ಎಲ್ಲರೂ ಇಳಿದ ಮೇಲೆ ನಡೆದದ್ದನ್ನೆಲ್ಲ ಹೇಳಿದರು.

ಸೊಸೆ ಸ್ಟಿಯರಿಂಗ್ ಮೇಲೆ ಎರಡೂ ಕೈಯಿಟ್ಟುಕೊಂಡು ಕೇಳಿದಳು. “ಅಂದ್ರೆ ಅತ್ತೆ, ಆ ನಾನ್ನೂರು ಜನ ನನ್ನ ಬೇಡ ಅಂದಿಲ್ವಾ?”

“ನಾನ್ನೂರು ಜನ ಇದ್ರೆ ತಾನೇ ಬೇಡ ಅನ್ನೋಕೆ!”

ಸೊಸೆ ನಕ್ಕಳು, ನಗುತ್ತಾ ನಗುತ್ತಾ ಅತ್ತುಬಿಟ್ಟಳು, ಖಾಕಿ ತೋಳಿನಲ್ಲೇ ಮೂಗೊರೆಸಿಕೊಂಡಳು. ಕೊಂಬಕ್ಕ ಬೈಯಲಿಲ್ಲ. ನಕಲು ಹಾಳೆಯನ್ನು ಕೈಗಿಟ್ಟರು. ಬಸ್ಸು ಬೇಕು ಎಂದ ಮೂವತ್ತೊಂದರಲ್ಲಿ ಒಂದು ಅದು, ಮಿಲ್ಲಿನ ಓಣಿಯ ತಾತನದು. ಅಕ್ಷರಗಳು ಗೆರೆ ಬಿಟ್ಟು ಬೆಟ್ಟ ಹತ್ತಿ ಇಳಿದಿದ್ದವು. ಸೊಸೆ ಜೋರಾಗಿ ಓದಿದಳು.

‘ಡೈವರಮ ಬಸು ನಿಲಿಸಿ ನನಗೆ ಕಯತಾಳೆ. ಅವಳ ಬಸು ನಿಲಿಸ ಬೆಡಿ.’

ಓದಿ ಮುಗಿಸಿ ಹಾಳೆಯನ್ನು ಹತ್ತಿರ ಹಿಡಿದು, ಅತ್ತೆಯ ಮುಖ ನೋಡಿ, ಬೇಕೆಂದೇ ಕೆಣಕಿದಳು. “ಇಷ್ಟೊಂದು ತಪ್ಪಿದೆಯಲ್ಲ ಅತ್ತೆ, ನೀವು ಹೆಂಗೆ ಸುಮ್ನೆ ಬಿಟ್ರಿ? ಪೆನ್ಸಿಲ್ ಮುಗಿದಿತ್ತಾ?”

ಕೊಂಬಕ್ಕ ಹಾಳೆಯನ್ನು ಇಸಿದುಕೊಂಡು ಕಣ್ಣಿಗೆ ಹತ್ತಿರ ಹಿಡಿದು ಮೇಲಿನಿಂದ ಕೆಳಗಿನವರೆಗೆ ನೋಡಿದರು.

“ಎಲ್ಲಿದೆಯೇ ತಪ್ಪು? ನನಗೇನೂ ಕಾಣ್ತಿಲ್ಲ. ಸುಮ್ನೆ ಗಾಡಿ ತೆಗಿ, ಮನೆಗೆ ಹೋಗೋಣ.”